ದಾರಿ ತಪ್ಪಿದವರ ಹುಡುಕಾಟದಲ್ಲಿ ಡಿಜಿಟಲ್ ನಕ್ಷೆ

ಚಳಿಗಾಲ ಕಾಲಿಟ್ಟಿತೆಂದರೆ ವಿಶಾಖಪಟ್ಟಣದ ಕನ್ನಡ ಕುಟುಂಬಗಳಲ್ಲಿ ಅರಕು ಕಣಿವೆಯ ಮಾತು ಆರಂಭವಾಗುತ್ತದೆ. ಪರವಾಡದ ಸಿಂಹಾದ್ರಿ ವಿದ್ಯುತ್ ಸ್ಥಾವರ, ಅದರ ಆಸುಪಾಸಿನ ಔಷಧ ನಗರಿ, ಉಕ್ಕಿನ ಕಾರ್ಖಾನೆ, ಬಂದರು, ನೌಕಾದಳ ಹೀಗೆ ನಾನಾ ಕಡೆಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿರುವ ನಮಗೆ ಪೂರ್ವಘಟ್ಟದ ಬೆಟ್ಟಗಳೆಂದರೆ ಊರಿನ ಮಲೆನಾಡನ್ನು ನೆನಪಿಸುವ ತಾಣಗಳು. ಅನಂತಗಿರಿಯ ಕಾಫಿ ತೋಟ, ಬೊರ್ರಾ ಗುಹೆ, ಲಂಬಸಿಂಗಿಯ ಮಂಜು ಇವುಗಳನ್ನು ನೋಡಲು ಮಕ್ಕಳು ಮರಿಗಳೊಡನೆ ಬುತ್ತಿ ಕಟ್ಟಿಕೊಂಡು ಹೊರಡುವುದು ನಮ್ಮಲ್ಲಿ ಅನೇಕರಿಗೆ ವಾಡಿಕೆಯಾಗಿದೆ.

ಹೀಗೆ ಹೊರಟಾಗ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಜಲಪಾತ ನೋಡಲು ಹೋದ ಹುಡುಗ ಸಂಜೆಯಾದರೂ ಹಿಂದಿರುಗದಿದ್ದರೆ ಏನಾಗುತ್ತದೆ? ಅವನನ್ನು ಯಾರು, ಎಲ್ಲಿಂದ, ಯಾವ ಕ್ರಮದಲ್ಲಿ ಹುಡುಕುತ್ತಾರೆ? ಕಳೆದ ಕೆಲವು ದಶಕಗಳಲ್ಲಿ ಈ ಹುಡುಕಾಟದ ವಿಧಾನವನ್ನು ಡಿಜಿಟಲ್ ನಕ್ಷೆಯು ಬಹಳಷ್ಟು ಬದಲಾಯಿಸಿದೆ. ಅದು ಹೇಗೆಂಬುದನ್ನೂ, ಅದರಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಲ್ಲಮಲದ ಆ ಇಪ್ಪತ್ತನಾಲ್ಕು ಗಂಟೆಗಳು

ಆಂಧ್ರದಲ್ಲಿ ನೆಲೆಸಿರುವ ನಮಗೆ ಈ ವಿಷಯದಲ್ಲಿ ಮೊದಲು ನೆನಪಾಗುವುದು 2009ರ ಸೆಪ್ಟೆಂಬರ್ 2. ಅಂದು ಬೆಳಿಗ್ಗೆ ಅಂದಿನ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರು ಹೈದರಾಬಾದಿನ ಬೇಗಂಪೇಟೆಯಿಂದ ಚಿತ್ತೂರು ಜಿಲ್ಲೆಗೆ ಬೆಲ್-430 ಹೆಲಿಕಾಪ್ಟರಿನಲ್ಲಿ ಹೊರಟರು. ಅವರೊಡನೆ ಇಬ್ಬರು ಅಧಿಕಾರಿಗಳು ಮತ್ತು ಇಬ್ಬರು ಚಾಲಕರಿದ್ದರು. ಮಳೆ ಮತ್ತು ದಟ್ಟ ಮೋಡದ ನಡುವೆ ಹೆಲಿಕಾಪ್ಟರಿನ ಸಂಪರ್ಕ ತಪ್ಪಿತು. ಅದರ ಹಾದಿಯಲ್ಲಿದ್ದದ್ದು ನಲ್ಲಮಲ ಅರಣ್ಯ. ಬೆಟ್ಟ, ಕೊಳ್ಳ, ದಟ್ಟ ಮರಗಳಿಂದ ಕೂಡಿದ, ಹುಲಿಗಳ ನೆಲೆಯಾದ ವಿಸ್ತಾರವಾದ ಕಾಡು ಅದು.

ವಾಯುಪಡೆಯ ಹೆಲಿಕಾಪ್ಟರುಗಳು, ಸುಖೋಯ್ ವಿಮಾನ, ಕೇಂದ್ರ ಮೀಸಲು ಪೊಲೀಸ್ ಪಡೆ, ರಾಜ್ಯದ ಪೊಲೀಸರು, ಕಾಡನ್ನು ಬಲ್ಲ ಚೆಂಚು ಜನರು ಎಲ್ಲರೂ ಹುಡುಕಾಟಕ್ಕಿಳಿದರು. ಅದೇ ವರ್ಷದ ಏಪ್ರಿಲ್ 20ರಂದು ಶ್ರೀಹರಿಕೋಟಾದಿಂದ ಉಡಾಯಿಸಲಾಗಿದ್ದ ರಿಸ್ಯಾಟ್-2 ಉಪಗ್ರಹವನ್ನೂ ಬಳಸಲಾಯಿತು. ಸಾಮಾನ್ಯ ಉಪಗ್ರಹದ ಕ್ಯಾಮೆರಾಕ್ಕೆ ಮೋಡ ಅಡ್ಡ ಬರುತ್ತದೆ. ರಿಸ್ಯಾಟ್-2ರಲ್ಲಿದ್ದದ್ದು ರೇಡಾರ್, ಅದು ಮೋಡವನ್ನು ಭೇದಿಸಿ, ಹಗಲು ರಾತ್ರಿಗಳ ಭೇದವಿಲ್ಲದೆ ನೆಲದ ಚಿತ್ರ ತೆಗೆಯಬಲ್ಲದು. ಆದರೂ ದಟ್ಟ ಮರಗಳ ನಡುವೆ ಬಿದ್ದಿರುವ ಸಣ್ಣ ವಸ್ತುವನ್ನು ಅಂತಹ ಚಿತ್ರದಲ್ಲಿ ಗುರುತಿಸುವುದು ಸುಲಭವಲ್ಲ. ಮರುದಿನ ಬೆಳಿಗ್ಗೆ ರುದ್ರಕೊಂಡದ ಬಳಿಯ ಬೆಟ್ಟದಲ್ಲಿ ಅವಶೇಷಗಳು ಕಂಡದ್ದು ವಾಯುಪಡೆಯ ಹೆಲಿಕಾಪ್ಟರಿನಲ್ಲಿದ್ದವರ ಕಣ್ಣಿಗೆ. ಐವರೂ ಮೃತರಾಗಿದ್ದರು.

ಬದುಕಿರಬಹುದೆಂಬ ಆಸೆಯಿಂದ ರಾಜ್ಯವೇ ಕಾದು ಕುಳಿತಿದ್ದ ಆ ಇಪ್ಪತ್ತನಾಲ್ಕು ಗಂಟೆಗಳು ಒಂದು ಮಾತನ್ನು ಸ್ಪಷ್ಟಪಡಿಸಿದವು. ಸಾವಿರಾರು ಜನರೂ ವಿಮಾನಗಳೂ ಉಪಗ್ರಹವೂ ಇದ್ದರೂ, ಎಲ್ಲಿ ಹುಡುಕಬೇಕೆಂಬುದು ಖಚಿತವಾಗದಿದ್ದರೆ ಕಾಲ ಕಳೆಯುತ್ತಲೇ ಹೋಗುತ್ತದೆ. ಭಾರತೀಯ ಬಾಹ್ಯಾಕಾಶ ಸಂಸ್ಥೆಯ 'ಭುವನ್' ಎಂಬ ಅಂತರ್ಜಾಲ ನಕ್ಷೆ ಲೋಕಾರ್ಪಣೆಗೊಂಡಿದ್ದು 2009ರ ಆಗಸ್ಟ್ 12ರಂದು, ಅಂದರೆ ಈ ದುರಂತಕ್ಕೆ ಕೇವಲ ಮೂರು ವಾರಗಳ ಮೊದಲು ಎಂಬುದನ್ನು ಇಲ್ಲಿ ನೆನೆಯಬಹುದು. ನಮ್ಮ ದೇಶದಲ್ಲಿ ಸಾಮಾನ್ಯರ ಕೈಗೆ ಡಿಜಿಟಲ್ ನಕ್ಷೆ ಆಗಷ್ಟೇ ಬರತೊಡಗಿತ್ತು.

ಕಾಲ ಕಳೆದಂತೆ ಹಿಗ್ಗುವ ವೃತ್ತ

ಹುಡುಕಾಟದಲ್ಲಿ ವೇಳೆಗೆ ಅಷ್ಟೊಂದು ಮಹತ್ವವೇಕೆ ಎಂಬುದನ್ನು ಶಾಲೆಯಲ್ಲಿ ಕಲಿತ ಲೆಕ್ಕದಿಂದಲೇ ತಿಳಿಯಬಹುದು. ದಾರಿ ತಪ್ಪಿದವನೊಬ್ಬ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಯಾವ ದಿಕ್ಕಿಗಾದರೂ ನಡೆಯುತ್ತಾನೆಂದುಕೊಳ್ಳೋಣ. ಒಂದು ಗಂಟೆಯ ನಂತರ ಅವನು ಇರಬಹುದಾದ ವೃತ್ತದ ವಿಸ್ತೀರ್ಣ ಸುಮಾರು 28 ಚದರ ಕಿಲೋಮೀಟರ್. ಎರಡು ಗಂಟೆಯಾದರೆ 113. ನಾಲ್ಕು ಗಂಟೆಯಾದರೆ 452. ವೇಳೆ ಇಮ್ಮಡಿಯಾದಾಗ ಹುಡುಕಬೇಕಾದ ಪ್ರದೇಶ ನಾಲ್ಮಡಿಯಾಗುತ್ತದೆ. ಆದುದರಿಂದಲೇ ಅನುಭವಿಗಳು "ದಾರಿ ತಪ್ಪಿತೆಂದು ತಿಳಿದ ಕೂಡಲೇ ನಿಂತುಬಿಡಿ" ಎನ್ನುತ್ತಾರೆ. ನಿಂತವನ ವೃತ್ತ ಹಿಗ್ಗುವುದಿಲ್ಲ.

ಆದರೆ ಮನುಷ್ಯ ವೃತ್ತಾಕಾರದಲ್ಲಿ ಸಮನಾಗಿ ಹರಡುವುದಿಲ್ಲ. ಕಡಿದಾದ ಬಂಡೆ, ತುಂಬಿ ಹರಿಯುವ ಹಳ್ಳ, ಮುಳ್ಳಿನ ಪೊದೆ ಅವನನ್ನು ತಡೆಯುತ್ತವೆ. ಕಾಲುದಾರಿ, ಇಳಿಜಾರು, ಹಳ್ಳದ ಪಾತ್ರ ಅವನನ್ನು ಸೆಳೆಯುತ್ತವೆ. ಡಿಜಿಟಲ್ ನಕ್ಷೆಯ ಮೊದಲ ಉಪಯೋಗ ಇಲ್ಲಿಯೇ. ಕೊನೆಯ ಬಾರಿ ಅವನು ಕಂಡ ಸ್ಥಳವನ್ನು ನಕ್ಷೆಯ ಮೇಲೆ ಗುರುತಿಸಿದರೆ, ನೆಲದ ಏರುತಗ್ಗು, ದಾರಿ, ನೀರಿನ ಹರಿವು, ಮರಗಳ ದಟ್ಟಣೆ ಇವುಗಳನ್ನು ಒಂದರ ಮೇಲೊಂದು ಪದರಗಳಾಗಿ ಹರಡಿ, ಅವನು ಯಾವ ಕಡೆಗೆ ಎಷ್ಟು ದೂರ ಹೋಗಿರಬಹುದೆಂಬುದನ್ನು ಗಣಕಯಂತ್ರವು ಬಣ್ಣಗಳಲ್ಲಿ ತೋರಿಸುತ್ತದೆ. ವೃತ್ತದ ಬಹುಭಾಗ ಹೀಗೆ ಕಳಚಿಹೋಗಿ ಕೆಲವು ಕಣಿವೆಗಳೂ ದಾರಿಗಳೂ ಉಳಿಯುತ್ತವೆ.

ಹಿಂದೆ ಇದೇ ಕೆಲಸವನ್ನು ಕಾಗದದ ನಕ್ಷೆಯ ಮೇಲೆ ಪೆನ್ಸಿಲಿನಿಂದ ಮಾಡಲಾಗುತ್ತಿತ್ತು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಗಳಲ್ಲಿ ಎತ್ತರವನ್ನು ಸೂಚಿಸುವ ಗೆರೆಗಳಿರುತ್ತವೆ. ಗೆರೆಗಳು ಒತ್ತಾಗಿದ್ದರೆ ಕಡಿದು, ವಿರಳವಾಗಿದ್ದರೆ ಸಮತಟ್ಟು. ಈ ನಕ್ಷೆಗಳ ಹಿಂದೆ ಎರಡು ಶತಮಾನಗಳ ಪರಿಶ್ರಮವಿದೆ. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳತೆ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯೇ ಅವುಗಳ ತಳಹದಿ. ಅದಕ್ಕೂ ಮೊದಲು, ಟಿಪ್ಪುವಿನ ಪತನಾನಂತರ, ಆತ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದಿದ್ದನು ಎಂಬುದು ಕನ್ನಡಿಗರಾದ ನಮಗೆ ಸ್ವಾರಸ್ಯದ ಸಂಗತಿ.

ಸಂಭವನೀಯತೆಯ ಲೆಕ್ಕ

ಹುಡುಕುವ ಕೆಲಸಕ್ಕೂ ಒಂದು ಗಣಿತವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಅಮೆರಿಕದ ಗಣಿತಜ್ಞ ಬರ್ನಾರ್ಡ್ ಕೂಪ್‌ಮನ್ ಮತ್ತು ಸಂಗಡಿಗರು ರೂಪಿಸಿದ ಸಿದ್ಧಾಂತವನ್ನೇ ಮುಂದೆ ಕಾಡುಬೆಟ್ಟಗಳ ಹುಡುಕಾಟಕ್ಕೂ ಅಳವಡಿಸಲಾಯಿತು. ಒಂದು ಸಣ್ಣ ಉದಾಹರಣೆಯಿಂದ ಇದನ್ನು ವಿವರಿಸಬಹುದು.

ಕಳೆದುಹೋದವನು ಹಳ್ಳದ ಕಣಿವೆಯಲ್ಲಿರುವ ಸಂಭವ ನೂರಕ್ಕೆ 50, ಹಳೆಯ ಕಾಲುದಾರಿಯ ಕಡೆ 30, ಬೆಟ್ಟದ ನೆತ್ತಿಯಲ್ಲಿ 20 ಎಂದು ಬಲ್ಲವರು ಅಂದಾಜು ಮಾಡಿದ್ದಾರೆನ್ನೋಣ. ತಂಡವು ಮೊದಲು ಕಣಿವೆಯನ್ನು ಶೋಧಿಸುತ್ತದೆ. ಅಲ್ಲಿದ್ದರೆ ಕಣ್ಣಿಗೆ ಬೀಳುವ ಸಾಧ್ಯತೆ ನೂರಕ್ಕೆ 80. ಪೊದೆ ಬಂಡೆಗಳ ಮರೆಯಿಂದಾಗಿ ಉಳಿದ 20 ಭಾಗ ತಪ್ಪಿಹೋಗಬಹುದು. ಹುಡುಕಿದರೂ ಸಿಗಲಿಲ್ಲ. ಈಗ ಕಣಿವೆಯ ಪಾಲು 50ರಿಂದ 10ಕ್ಕೆ ಇಳಿಯಿತು. ದಾರಿಯ 30, ನೆತ್ತಿಯ 20 ಹಾಗೆಯೇ ಉಳಿದವು. ಒಟ್ಟು 60. ಹೊಸದಾಗಿ ಲೆಕ್ಕ ಹಾಕಿದರೆ ಕಾಲುದಾರಿಯ ಸಂಭವ ನೂರಕ್ಕೆ 50, ನೆತ್ತಿಯದು 33, ಕಣಿವೆಯದು 17. ಸಿಗಲಿಲ್ಲ ಎಂಬ ಸುದ್ದಿಯೂ ಹೀಗೆ ಉಪಯುಕ್ತ ಮಾಹಿತಿಯೇ. ಮುಂದಿನ ತಂಡವನ್ನು ಎಲ್ಲಿಗೆ ಕಳುಹಿಸಬೇಕೆಂಬುದನ್ನು ಅದು ಹೇಳಿಕೊಡುತ್ತದೆ.

ಮೂರು ತುಂಡುಗಳಿದ್ದರೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಬಹುದು. ಅರವತ್ತು ತುಂಡುಗಳು, ಹತ್ತು ತಂಡಗಳು, ನಡುರಾತ್ರಿಯ ಮಳೆ ಎಂದಾಗ ಯಂತ್ರದ ನೆರವು ಬೇಕೇ ಬೇಕು. ಪ್ರತಿಯೊಂದು ತಂಡದ ಕೈಯಲ್ಲೂ ಜಿಪಿಎಸ್ ಉಪಕರಣವಿದ್ದರೆ ಅವರು ನಡೆದ ಜಾಡು ನಕ್ಷೆಯ ಮೇಲೆ ಬಣ್ಣದ ಗೆರೆಯಾಗಿ ಮೂಡುತ್ತದೆ. "ಆ ಕಡೆಯನ್ನೆಲ್ಲ ನೋಡಿ ಬಂದೆವು" ಎಂಬ ಬಾಯಿಮಾತಿಗೂ ನಿಜವಾಗಿ ನಡೆದ ಜಾಡಿಗೂ ಎಷ್ಟೋ ಬಾರಿ ಅಂತರವಿರುತ್ತದೆ. ಎರಡು ಗೆರೆಗಳ ನಡುವೆ ಉಳಿದ ಖಾಲಿ ಜಾಗ ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಅಮೆರಿಕದ ಸ್ವಯಂಸೇವಾ ತಂಡಗಳು ವ್ಯಾಪಕವಾಗಿ ಬಳಸುವ 'ಸಾರ್‌ಟೊಪೊ' ಎಂಬ ತಂತ್ರಾಂಶದಲ್ಲಿ ಇದೆಲ್ಲವನ್ನೂ ಒಂದೇ ನಕ್ಷೆಯ ಮೇಲೆ ಹಲವರು ಏಕಕಾಲದಲ್ಲಿ ನೋಡಬಹುದು, ತಿದ್ದಬಹುದು, ಕಾಗದದ ಮೇಲೆ ಮುದ್ರಿಸಿಕೊಂಡು ಕಾಡಿಗೂ ಒಯ್ಯಬಹುದು. ನಮ್ಮ ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ 2010ರಿಂದ ಬಳಕೆಗೆ ಬಂದ 'ಎಂ-ಸ್ಟ್ರೈಪ್ಸ್' ವ್ಯವಸ್ಥೆಯೂ ಅರಣ್ಯ ಕಾವಲುಗಾರರ ಗಸ್ತಿನ ಜಾಡನ್ನು ಹೀಗೆಯೇ ದಾಖಲಿಸುತ್ತದೆ. ಅದರ ಗುರಿ ವನ್ಯಜೀವಿ ರಕ್ಷಣೆ. ಆದರೆ ಕಾವಲುಗಾರ ಯಾವ ಕಾಲುದಾರಿಯಲ್ಲಿ ನಡೆದಿದ್ದಾನೆ ಎಂಬ ಮಾಹಿತಿ ಕಳೆದುಹೋದವರನ್ನು ಹುಡುಕುವಾಗಲೂ ಒದಗಬಲ್ಲದು.

ಅಂಕಿಯ ತಪ್ಪು, 20 ಕಿಲೋಮೀಟರ್ ದೂರ

ಸ್ಥಾನವನ್ನು ಹೇಳುವ ರೀತಿಯಲ್ಲಿ ಆಗುವ ತಪ್ಪು ಜೀವಕ್ಕೆ ಎರವಾಗಬಹುದು. ಅಕ್ಷಾಂಶ ರೇಖಾಂಶಗಳನ್ನು ಎರಡು ಬಗೆಯಲ್ಲಿ ಬರೆಯುವ ರೂಢಿಯಿದೆ. ಬೊರ್ರಾ ಗುಹೆಯ ಅಕ್ಷಾಂಶ ದಶಮಾಂಶದಲ್ಲಿ ಸುಮಾರು 18.28 ಡಿಗ್ರಿ. ಇದನ್ನು ದೂರವಾಣಿಯಲ್ಲಿ ಕೇಳಿಸಿಕೊಂಡವರು 18 ಡಿಗ್ರಿ 28 ಮಿನಿಟು ಎಂದು ಬರೆದುಕೊಂಡರೆ? ಒಂದು ಡಿಗ್ರಿಗೆ 60 ಮಿನಿಟು. ಆದುದರಿಂದ 28 ಮಿನಿಟು ಎಂದರೆ 0.47 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್. ಅಲ್ಲಿಗೆ ರಕ್ಷಣಾ ತಂಡವು 20 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ, ಬೇರೊಂದು ಬೆಟ್ಟಸಾಲಿಗೆ ಹೋಗಿರುತ್ತದೆ.

ಹಳೆಯ ಕಾಗದದ ನಕ್ಷೆಯನ್ನೂ ಜಿಪಿಎಸ್ ಅನ್ನೂ ಒಟ್ಟಿಗೆ ಬಳಸುವಾಗ ಇನ್ನೊಂದು ತೊಡಕಿದೆ. ಭೂಮಿಯ ಆಕಾರವನ್ನು ಲೆಕ್ಕಕ್ಕೆ ತರಲು ನಮ್ಮ ಹಳೆಯ ನಕ್ಷೆಗಳು ಜಾರ್ಜ್ ಎವರೆಸ್ಟ್ ಹೆಸರಿನ ಮಾದರಿಯನ್ನು ಅನುಸರಿಸಿದವು; ಜಿಪಿಎಸ್ ಅನುಸರಿಸುವುದು ಡಬ್ಲ್ಯೂಜಿಎಸ್-84 ಎಂಬ ಮಾದರಿಯನ್ನು. ಒಂದರ ಅಂಕಿಯನ್ನು ಇನ್ನೊಂದರ ಮೇಲೆ ನೇರವಾಗಿ ಇಟ್ಟರೆ ಸ್ಥಳವು ನೂರಾರು ಮೀಟರ್ ಸರಿದುಹೋಗುತ್ತದೆ. ಬಯಲಿನಲ್ಲಿ ಇದು ಸಣ್ಣ ವ್ಯತ್ಯಾಸ, ಕಮರಿಯ ಅಂಚಿನಲ್ಲಿ ಅಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆಂದು ಹೊರಬಂದ ನಕ್ಷೆಗಳು ಡಬ್ಲ್ಯೂಜಿಎಸ್-84 ಮಾದರಿಯಲ್ಲಿವೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ನಕ್ಷೆಗಳ ತಯಾರಿಕೆ ಮತ್ತು ಬಳಕೆಯ ಮೇಲಿನ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು.

ಕನ್ನಡ ನಾಡಿನ ಕೊಡುಗೆಯೂ ಇದೆ

ವಿಮಾನ, ಹಡಗುಗಳಲ್ಲಿ ಅಪಾಯ ಸೂಚಕ ಯಂತ್ರಗಳಿರುತ್ತವೆ. ಅವುಗಳಿಂದ ಹೊರಡುವ 406 ಮೆಗಾಹರ್ಟ್ಸ್ ಸಂಕೇತವನ್ನು ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ಜಾಲವು ಗ್ರಹಿಸುತ್ತದೆ. ಈ ಜಾಲದ ಭಾರತೀಯ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್ ಆವರಣದಲ್ಲಿ. ಹಳೆಯ 121.5 ಮೆಗಾಹರ್ಟ್ಸ್ ಸಂಕೇತವನ್ನು ಉಪಗ್ರಹಗಳು ಆಲಿಸುವುದು 2009ರ ಫೆಬ್ರವರಿ 1ರಿಂದ ನಿಂತಿತು. ನಮ್ಮದೇ ಆದ 'ನಾವಿಕ್' ಸ್ಥಾನಸೂಚಕ ವ್ಯವಸ್ಥೆಯ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಸಮುದ್ರಕ್ಕೆ ಹೋಗುವ ಬೆಸ್ತರಿಗಾಗಿ ಇಸ್ರೋ ರೂಪಿಸಿರುವ ಎರಡನೆಯ ತಲೆಮಾರಿನ ಅಪಾಯ ಸೂಚಕದಲ್ಲಿ "ನಿಮ್ಮ ಸಂದೇಶ ತಲುಪಿದೆ" ಎಂಬ ಮರುಸಂದೇಶವೂ ದೋಣಿಗೆ ಬರುತ್ತದೆ. ನಡುಗಡಲಿನಲ್ಲಿ ಸಿಲುಕಿದವರಿಗೆ ಆ ಒಂದು ಸಾಲು ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ಊಹಿಸಬಹುದು.

ನಕ್ಷೆಯ ಮಿತಿ

ತಂತ್ರಜ್ಞಾನವಿದ್ದ ಮಾತ್ರಕ್ಕೆ ಎಲ್ಲವೂ ಸುಲಭವಾಗುತ್ತದೆಂದು ನಾವು ಹೇಳುತ್ತಿಲ್ಲ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿದ್ದ 29 ಜನರ ಪೈಕಿ ಎಂಟು ಮಂದಿ ನಮ್ಮ ವಿಶಾಖಪಟ್ಟಣದ ನೌಕಾ ಶಸ್ತ್ರಾಗಾರದ ನೌಕರರು. ನಾವು ದಿನನಿತ್ಯ ಹಾದುಹೋಗುವ ಎನ್‌ಎಡಿ ಕೂಡುರಸ್ತೆಗೆ ಹೆಸರು ಬಂದಿರುವುದು ಆ ಶಸ್ತ್ರಾಗಾರದಿಂದಲೇ. ಹಡಗುಗಳೂ ವಿಮಾನಗಳೂ ವಾರಗಟ್ಟಲೆ ಹುಡುಕಿದರೂ ಏನೂ ಸಿಗಲಿಲ್ಲ. ಏಳೂವರೆ ವರ್ಷಗಳ ನಂತರ, 2024ರ ಜನವರಿಯಲ್ಲಿ, ಚೆನ್ನೈ ತೀರದಿಂದ ಸುಮಾರು 140 ನಾವಿಕ ಮೈಲಿ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷಗಳು ಪತ್ತೆಯಾದ ಸುದ್ದಿ ಬಂತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಮಾನವರಹಿತ ಜಲನೌಕೆಯೊಂದು ಶಬ್ದತರಂಗಗಳಿಂದ ಕಡಲ ತಳದ ನಕ್ಷೆ ಬರೆಯುತ್ತ, ಚಿತ್ರ ತೆಗೆಯುತ್ತ ಅವನ್ನು ಕಂಡುಹಿಡಿಯಿತು. ಜೀವ ಉಳಿಸುವ ಹೊತ್ತು ಎಂದೋ ಮೀರಿಹೋಗಿತ್ತು. ಆದರೆ ತಮ್ಮವರು ಎಲ್ಲಿದ್ದಾರೆಂಬ ಪ್ರಶ್ನೆಗೆ ಆ ಮನೆಗಳಿಗೆ ಒಂದು ಉತ್ತರವಾದರೂ ದೊರೆಯಿತು.

ಕರ್ನಾಟಕದಲ್ಲಿ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗಲೂ ಇಂತಹುದೇ ಅನುಭವವಾಯಿತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಿಂತಿದ್ದವರು ಮಣ್ಣಿನೊಂದಿಗೆ ಗಂಗಾವಳಿ ನದಿಯ ಪಾಲಾದರು. ನೆಲದೊಳಗನ್ನು ನೋಡುವ ರೇಡಾರ್, ಡ್ರೋನ್, ಸೋನಾರ್ ಎಲ್ಲವನ್ನೂ ತಂದು ನದಿಯಲ್ಲಿ ಲಾರಿ ಇರಬಹುದಾದ ಜಾಗಗಳನ್ನು ಗುರುತಿಸಲಾಯಿತು. ಆದರೆ ಮಳೆಗಾಲದ ಸೆಳವಿನಲ್ಲಿ ಮುಳುಗುಗಾರರು ಇಳಿಯುವುದೇ ದುಸ್ತರವಾಗಿತ್ತು. ನೀರಿನ ರಭಸ ತಗ್ಗಿ, ಹೂಳೆತ್ತುವ ಯಂತ್ರ ಬಂದ ಮೇಲೆ ಸೆಪ್ಟೆಂಬರ್ 25ರಂದು ಲಾರಿಯೂ ಅದರೊಳಗೆ ಚಾಲಕನ ದೇಹವೂ ಸಿಕ್ಕವು. ಎಲ್ಲಿದೆ ಎಂದು ತಿಳಿಯುವುದು ಒಂದು ಕೆಲಸ, ಅಲ್ಲಿಗೆ ತಲುಪುವುದು ಮತ್ತೊಂದು. ನಕ್ಷೆಯು ಮೊದಲನೆಯದಕ್ಕೆ ಮಾತ್ರ ನೆರವಾಗುತ್ತದೆ.

ಅದೇ ವರ್ಷದ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ, ಬಹುಪಾಲು ಕರ್ನಾಟಕದವರಿದ್ದ 22 ಜನರ ತಂಡ ಹಿಮಗಾಳಿಗೆ ಸಿಲುಕಿತು. ಒಂಬತ್ತು ಮಂದಿ ಅಸುನೀಗಿದರು, ಉಳಿದ ಹದಿಮೂವರನ್ನು ರಕ್ಷಿಸಲಾಯಿತು. ನಾಲ್ಕು ಸಾವಿರ ಮೀಟರಿಗೂ ಮೇಲಿನ ಚಳಿಯಲ್ಲಿ ದೇಹ ಕಾಯುವುದಿಲ್ಲ. ಸುದ್ದಿ ಕೆಳಗೆ ತಲುಪಿ, ಹೆಲಿಕಾಪ್ಟರ್ ಮೇಲೇರುವಷ್ಟರಲ್ಲಿ ಕಳೆಯುವ ಒಂದೊಂದು ಗಂಟೆಯೂ ಅಲ್ಲಿ ಅಮೂಲ್ಯ.

ಕಾಡಿನ ಜನರ ತಿಳಿವಳಿಕೆಗೆ ಪರ್ಯಾಯವಾಗಿ ನಕ್ಷೆಯನ್ನು ಭಾವಿಸುವುದೂ ಸಲ್ಲದು. ನಲ್ಲಮಲದಲ್ಲಿ ಚೆಂಚುಗಳು, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು, ನಾಗರಹೊಳೆಯಲ್ಲಿ ಜೇನು ಕುರುಬರು ಬಲ್ಲ ಎಷ್ಟೋ ಜಾಡುಗಳು ಯಾವ ಉಪಗ್ರಹ ಚಿತ್ರದಲ್ಲಿಯೂ ಕಾಣವು. ಅವರು ತೋರಿಸಿದ ದಾರಿಯನ್ನು ಡಿಜಿಟಲ್ ನಕ್ಷೆಯ ಮೇಲೆ ಗುರುತಿಸಿಟ್ಟುಕೊಂಡಾಗ ಮುಂದಿನ ಹುಡುಕಾಟ ಸುಲಭವಾಗುತ್ತದೆ.

ನಾವು ಮಾಡಬಹುದಾದದ್ದು

ಕೊನೆಯದಾಗಿ, ನಮ್ಮ ನಿಮ್ಮಂತಹ ಗೃಹಸ್ಥರು ಪ್ರವಾಸಕ್ಕೆ ಹೊರಡುವ ಮುನ್ನ ಗಮನಿಸಬೇಕಾದ ಕೆಲವು ಸಂಗತಿಗಳನ್ನು ಹೇಳುವುದು ಉಚಿತ.

ಮೊದಲನೆಯದಾಗಿ, ಎಲ್ಲಿಗೆ ಹೋಗುತ್ತೇವೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹಿಂದಿರುಗುತ್ತೇವೆ ಎಂಬುದನ್ನು ಮನೆಯಲ್ಲಿ ಉಳಿದವರಿಗೆ ಬರೆದುಕೊಟ್ಟು ಹೋಗಬೇಕು. ಹುಡುಕಾಟದ ಲೆಕ್ಕವೆಲ್ಲ ಈ ಚೀಟಿಯಿಂದಲೇ ಆರಂಭವಾಗುತ್ತದೆ. ಹೇಳಿದ ಹೊತ್ತಿಗೆ ಬರದಿದ್ದರೆ ಮನೆಯವರು "ಬಂದಾರು ಬಿಡಿ" ಎಂದು ಬೆಳಗಿನವರೆಗೆ ಕಾಯದೆ 112ಕ್ಕೆ ಕರೆ ಮಾಡಬೇಕು.

ಎರಡನೆಯದಾಗಿ, ಮೊಬೈಲಿನ ಜಿಪಿಎಸ್‌ಗೆ ಸಿಗ್ನಲ್ ಬೇಕಿಲ್ಲ ಎಂಬುದನ್ನು ತಿಳಿದಿರಬೇಕು. ಅದು ಉಪಗ್ರಹಗಳ ಸಂಕೇತವನ್ನು ನೇರವಾಗಿ ಗ್ರಹಿಸಿ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಜಾಲವಿಲ್ಲದಾಗ ಕಾಣೆಯಾಗುವುದು ನಕ್ಷೆಯ ಚಿತ್ರ ಮಾತ್ರ. ಆದುದರಿಂದ ಆ ಪ್ರದೇಶದ ನಕ್ಷೆಯನ್ನು ಮನೆಯಲ್ಲಿರುವಾಗಲೇ ಮೊಬೈಲಿಗೆ ಇಳಿಸಿಕೊಳ್ಳಬೇಕು. ಆದರೆ ಇದರ ಇನ್ನೊಂದು ಮುಖವನ್ನೂ ಮರೆಯಬಾರದು: ಜಿಪಿಎಸ್ ಸ್ಥಾನವನ್ನು ನಮಗೆ ತಿಳಿಸುತ್ತದೆಯೇ ಹೊರತು ಹೊರಗಿನವರಿಗೆ ತಿಳಿಸುವುದಿಲ್ಲ. ಅದನ್ನು ತಿಳಿಸಲು ಕರೆಯೋ ಸಂದೇಶವೋ ಹೋಗಲೇಬೇಕು. ಕ್ಷೀಣ ಸಿಗ್ನಲ್ ಇರುವಲ್ಲಿ ಮಾತು ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುವುದುಂಟು.

ಮೂರನೆಯದಾಗಿ, ಸ್ಥಾನದ ಅಂಕಿಗಳನ್ನು ಹೇಳುವಾಗ ದಶಮಾಂಶವೋ, ಡಿಗ್ರಿ ಮಿನಿಟುಗಳೋ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಕೇಳಿಸಿಕೊಂಡವರಿಂದ ಮರಳಿ ಹೇಳಿಸಿಕೊಳ್ಳಬೇಕು. ಬ್ಯಾಟರಿಯನ್ನು ಫೋಟೋಗಳಿಗೆ ಮುಗಿಸದೆ ಉಳಿಸಿಕೊಳ್ಳಬೇಕು.

ನಾಲ್ಕನೆಯದಾಗಿ, ದಾರಿ ತಪ್ಪಿತೆನಿಸಿದ ಕೂಡಲೇ ನಿಲ್ಲಬೇಕು. ಕತ್ತಲಲ್ಲಿ ಹಳ್ಳದಗುಂಟ ಇಳಿದರೆ ಊರು ಸಿಗುತ್ತದೆಂಬ ನಂಬಿಕೆಯಿಂದ ಇಳಿದವರು ಜಲಪಾತದ ನೆತ್ತಿ ತಲುಪುವ ಅಪಾಯವಿದೆ. ಮಕ್ಕಳಿಗೆ "ಕಳೆದುಹೋದರೆ ಒಂದು ಮರವನ್ನು ಹಿಡಿದು ಅಲ್ಲಿಯೇ ಕುಳಿತಿರು, ನಾವು ಬರುತ್ತೇವೆ" ಎಂದು ಕಲಿಸುವುದು ಒಳ್ಳೆಯದು. ಕೊರಳಿಗೊಂದು ಸೀಟಿ ಕಟ್ಟಿದರೆ ಇನ್ನೂ ಒಳ್ಳೆಯದು. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೂ ಸೀಟಿ ಊದಬಹುದು.

ಈ ಚಳಿಗಾಲದಲ್ಲಿ ಅರಕಿಗೆ ಹೊರಡುವ ನಮ್ಮ ಸದಸ್ಯರು ಬುತ್ತಿಯ ಜೊತೆಗೆ ಇಳಿಸಿಕೊಂಡ ನಕ್ಷೆ, ತುಂಬಿದ ಬ್ಯಾಟರಿ, ಒಂದು ಸೀಟಿ ಇವನ್ನೂ ಒಯ್ಯಲಿ, ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೋಗಲಿ ಎಂಬುದು ನಮ್ಮ ವಿನಂತಿ. ಅವುಗಳನ್ನು ಬಳಸುವ ಸಂದರ್ಭ ಯಾರಿಗೂ ಬಾರದಿರಲಿ. ಎಲ್ಲರ ಪ್ರವಾಸವೂ ಸುಖಕರವಾಗಲಿ.